ಕೆಂಪು ಶಾಯಿಯಲ್ಲಿ ಬರೆದ ಹೆಸರು

ಈ ತಿಂಗಳ ಅಂಚೆಯಲ್ಲಿ ಹೆಸರಿನ ಬಗ್ಗೆಯೇ ನಾಲ್ಕು ಪತ್ರ ಬಂದಿವೆ. ಯಾರೋ ಮಾತಾಡಿಕೊಂಡು ಬರೆದ ಹಾಗಿದೆ. ತಮ್ಮ ಹೆಸರು ಹಾಕಬೇಡಿ ಅಂತ ಮೂವರು ಕೇಳಿಕೊಂಡಿದ್ದಾರೆ. ಹಾಕುವುದಿಲ್ಲ.

ಪ್ರಶ್ನೆ: ಅಕ್ಕಾ, ನನಗೆ 27 ವರ್ಷ. ಇಲ್ಲೇ ಕಲಬುರಗಿಯಲ್ಲಿ ಎಂಜಿನಿಯರಿಂಗ್ ಮುಗಿಸಿ, ಹೈದರಾಬಾದಿನ ಕಂಪನಿಯೊಂದರಲ್ಲಿ ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಬೀದರಿನ ಹುಡುಗನ ಜೊತೆ ಮದುವೆ ಗೊತ್ತಾಗಿದೆ. ಅವನು “ಹೆಸರು ನಿನ್ನಿಷ್ಟ” ಅನ್ನುತ್ತಾನೆ. ಅವನ ತಾಯಿಗೆ ಮಾತ್ರ ಅಡ್ಡಹೆಸರು ಬದಲಾಗಲೇಬೇಕು. ಅಕ್ಕಿ ತಟ್ಟೆಯಲ್ಲಿ ಉಂಗುರದಿಂದ ಬರೆಯಲು ಒಂದು ಹೊಸ ಹೆಸರನ್ನೂ ಆರಿಸಿಟ್ಟಿದ್ದಾರೆ. ಆಫೀಸಿನಲ್ಲಿ ನನ್ನ ಹೆಸರು ಕೇಳಿಯೇ ಕೆಲಸ ಕೊಡುವವರಿದ್ದಾರೆ. ಏನು ಮಾಡಲಿ?
— ಹೆಸರು ಬೇಡ, ಕಲಬುರಗಿ

ಉತ್ತರ: ತಂಗಿ, ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ. ಅದನ್ನು ಕೇಳಿದ ಮೇಲೆ ನನ್ನ ಸಲಹೆ ಎಷ್ಟು ವಾಲಿದೆ ಅಂತ ನಿಮಗೇ ಗೊತ್ತಾಗುತ್ತದೆ.

1981ರಲ್ಲಿ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿದೆ. ಆಗ ಊರು ಗುಲಬರ್ಗಾ. ತವರಿನ ಅಡ್ಡಹೆಸರು ಬೆಲ್ಲದ. 1984ರಲ್ಲಿ ಮದುವೆಯಾಯಿತು. ಗಂಡನ ಮನೆಯ ಅಡ್ಡಹೆಸರು ಮೆಣಸಿನಕಾಯಿ. ನಗಬೇಡಿ, ನಮ್ಮ ಕಡೆ ಉಳ್ಳಾಗಡ್ಡಿಯವರೂ ಇದ್ದಾರೆ.

ಹದಿನೈದು ದಿನದ ರಜೆ ಮುಗಿಸಿ ಕಚೇರಿಗೆ ಹೋದೆ. ಹಾಜರಿ ಪುಸ್ತಕ ತೆರೆದೆ. ನನ್ನ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ. ಅದರ ಮೇಲೆ, ಅದೇ ಶಾಯಿಯಲ್ಲಿ, ಗಂಡನ ಹೆಸರೂ ಅಡ್ಡಹೆಸರೂ ಸೇರಿಸಿ ಬರೆದ ಹೊಸ ಹೆಸರು. ಬರೆದವರು ಹೆಡ್ ಕ್ಲರ್ಕ್. ಮದುವೆಗೆ ಬಂದು, ಹೋಳಿಗೆ ಉಂಡು, ಆಹೇರಿ ಕೊಟ್ಟು ಹೋದವರು. ಕೆಟ್ಟ ಮನುಷ್ಯನಲ್ಲ. “ಬೆಲ್ಲ ಹೋಗಿ ಮೆಣಸಿನಕಾಯಿ ಬಂತು ನೋಡ್ರಿ! ಪೇಢಾ ತರಸ್ರಿ” ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಪೇಢಾನೂ ತರಿಸಿದೆ.

ಕೇಳಿದ್ದರೆ ಒಪ್ಪುತ್ತಿದ್ದೆನೋ ಏನೋ. ಆ ಕಾಲದಲ್ಲಿ ಬಹುಶಃ ಒಪ್ಪಿಯೇ ಬಿಡುತ್ತಿದ್ದೆ. ಆದರೆ ಯಾರೂ ಕೇಳಲಿಲ್ಲ. ಅದೊಂದು ಮಾತ್ರ ಇವತ್ತಿಗೂ ಚುಚ್ಚುತ್ತದೆ.

ಆ ತಿಂಗಳ ಸಂಬಳದ ದಿನ ರೆವಿನ್ಯೂ ಸ್ಟಾಂಪಿನ ಮೇಲೆ ನನ್ನ ಕೈ ತಾನಾಗಿಯೇ ಹಳೆಯ ಸಹಿ ಹಾಕಿತು. ಕ್ಯಾಷಿಯರ್ ಒಪ್ಪಲಿಲ್ಲ. ಹೊಸ ಸ್ಟಾಂಪ್ ಹಚ್ಚಿಸಿ ಮತ್ತೆ ಸಹಿ ಹಾಕಿಸಿದರು. ಆ ಸ್ಟಾಂಪಿನ ದುಡ್ಡು ಕೂಡ ನನ್ನದೇ.

ಹಾಜರಿ ಪುಸ್ತಕದಲ್ಲಿ ಬದಲಾದ ಹೆಸರು ಉಳಿದ ಕಡೆ ಬದಲಾಗಿರಲಿಲ್ಲ. ಸೇವಾ ಪುಸ್ತಕದ ಮೊದಲ ಪುಟದಲ್ಲಿ ಬೆಲ್ಲದ. ಜಿಪಿಎಫ್ (ಭವಿಷ್ಯ ನಿಧಿ) ಖಾತೆಯಲ್ಲಿ ಬೆಲ್ಲದ. ಸರ್ಕಾರಿ ವಿಮೆಯ ಒಂದು ಪಾಲಿಸಿ ಬೆಲ್ಲದ, ಮದುವೆಯ ನಂತರದ್ದು ಮೆಣಸಿನಕಾಯಿ. ಬ್ಯಾಂಕಿನಲ್ಲಿ ಬರೀ ಇನಿಷಿಯಲ್. ನಾನು ಸೂಪರಿಂಟೆಂಡೆಂಟ್ ಆಗಿ ಸಿಬ್ಬಂದಿ ಶಾಖೆಯಲ್ಲೇ ಕೂತು ಊರಮಂದಿಯ ಸೇವಾ ಪುಸ್ತಕ ತಿದ್ದಿದವಳು. ನನ್ನದನ್ನು ತೆರೆದು ನೋಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ. 2018ರಲ್ಲಿ ನಿವೃತ್ತಿಯಾದೆ. ಪೆನ್ಷನ್ ಕಾಗದ ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೆ ಹೋಯಿತು, ವಾಪಸ್ ಬಂತು: ‘ಈ ಇಬ್ಬರೂ ಒಬ್ಬರೇ ಎಂಬುದಕ್ಕೆ ದಾಖಲೆ ಒದಗಿಸಿ.’ ಏಳು ತಿಂಗಳು ಓಡಾಡಿದೆ. 37 ವರ್ಷ ಕೆಲಸ ಮಾಡಿದವಳು, ನಾನೇ ನಾನು ಅಂತ ಅಫಿಡವಿಟ್ ಕೊಟ್ಟೆ.

ಈಗ ನಿಮ್ಮ ವಿಷಯ. ಮದುವೆಯಾದ ಹೆಂಗಸು ಹೆಸರು ಬದಲಿಸಬೇಕು ಅಂತ ನಮ್ಮ ದೇಶದ ಯಾವ ಕಾನೂನಿನಲ್ಲೂ ಇಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಅಡ್ಡಹೆಸರಿನ ಮಾತೇ ಬರುವುದಿಲ್ಲ. ಕಾನೂನೇ ಕಟ್ಟಿಹಾಕುವ ದೇಶವೂ ಇದೆ. ಜಪಾನಿನ ಸಿವಿಲ್ ಕಾಯ್ದೆಯ 750ನೇ ಕಲಮಿನ ಪ್ರಕಾರ ಗಂಡ ಹೆಂಡತಿಗೆ ಒಂದೇ ಅಡ್ಡಹೆಸರು ಇರಬೇಕು. ಯಾರದ್ದಾದರೂ ಆಗಬಹುದು ಅನ್ನುತ್ತದೆ ಕಾನೂನು. ಬಿಟ್ಟುಕೊಡುವವಳು ಮಾತ್ರ ಹೆಚ್ಚುಕಡಿಮೆ ಯಾವಾಗಲೂ ಹೆಂಡತಿಯೇ. ಅಲ್ಲಿನ ಸುಪ್ರೀಂ ಕೋರ್ಟ್ 2015ರಲ್ಲೂ 2021ರಲ್ಲೂ ಅದನ್ನೇ ಎತ್ತಿಹಿಡಿಯಿತು. ಹಾಗಾಗಿ ಅಲ್ಲಿ ಎಷ್ಟೋ ಹೆಣ್ಣುಮಕ್ಕಳು ಆಫೀಸಿನಲ್ಲಿ ತವರಿನ ಹೆಸರಲ್ಲಿ ದುಡಿಯುತ್ತಾರೆ, ಸರ್ಕಾರಿ ಕಾಗದಕ್ಕೆ ಗಂಡನ ಹೆಸರು. ನಿಮಗೆ ಆ ಕಟ್ಟು ಇಲ್ಲ. ಇರುವುದು ಅತ್ತೆಯವರ ಆಸೆ ಒಂದೇ.

ನಿಮ್ಮ ಕಾಗದಗಳನ್ನು ಒಮ್ಮೆ ಮಂಚದ ಮೇಲೆ ಹರಡಿಕೊಳ್ಳಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಡಿಗ್ರಿ ಎರಡೂ ಹಳೆಯ ಹೆಸರಲ್ಲೇ ಇವೆ, ಮದುವೆಯಾಯಿತು ಅಂತ ಯಾರೂ ಅವನ್ನು ಬದಲಿಸಿ ಕೊಡುವುದಿಲ್ಲ. ಪಿಎಫ್ ಖಾತೆಯ ಹೆಸರು ಆಧಾರ್ ಹೆಸರಿಗೆ ಹೊಂದಬೇಕು, ಇಲ್ಲದಿದ್ದರೆ ದುಡ್ಡು ತೆಗೆಯುವ ದಿನ ಅರ್ಜಿ ನಿಲ್ಲುತ್ತದೆ. ಪ್ಯಾನ್ ಕಾರ್ಡಿನಲ್ಲಿ ಹೆಸರು ತಿದ್ದಿಸಬಹುದು, ನಂಬರ್ ಅದೇ ಇರುತ್ತದೆ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನಕ್ಕೆ ಎರಡೇ ಅವಕಾಶ. ಒಂದನ್ನು ಈಗಾಗಲೇ ಯಾವುದೋ ಸ್ಪೆಲ್ಲಿಂಗಿಗೆ ಕಳೆದಿದ್ದರೆ ಉಳಿದದ್ದು ಒಂದೇ. ನಮ್ಮ ಕಡೆ ಪಾಟೀಲರಿಗೆ ಇಂಗ್ಲಿಷಿನಲ್ಲಿ ಒಂದು ಕಾಗದದಲ್ಲಿ ‘ಐ’, ಇನ್ನೊಂದರಲ್ಲಿ ಎರಡು ‘ಇ’ ಇರುವುದು ಮಾಮೂಲು ಅಲ್ವಾ?

ಬದಲಿಸುವುದೇ ನಿಮ್ಮ ಮನಸ್ಸಾದರೆ ಬದಲಿಸಿ, ಆದರೆ ಪೂರ್ತಿ ಬದಲಿಸಿ. ಮೊದಲು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ ನೋಂದಣಿ. ಆ ಪ್ರಮಾಣಪತ್ರವೇ ಹಳೆಯ ಹೆಸರಿಗೂ ಹೊಸ ಹೆಸರಿಗೂ ಸೇತುವೆ, ಅದನ್ನು ಬಂಗಾರದ ಜೊತೆ ಇಡಿ. ಆಮೇಲೆ ಆಧಾರ್, ಪ್ಯಾನ್, ಬ್ಯಾಂಕ್, ಪಿಎಫ್, ಕೊನೆಗೆ ಆಫೀಸು. ನಡುವೆ ನಿಲ್ಲಿಸಿದರೆ ನನ್ನ ಗತಿ. ಅಡ್ಡಹೆಸರಷ್ಟೇ ಆದರೆ ಇಷ್ಟಕ್ಕೆ ಮುಗಿಯುತ್ತದೆ. ಅಕ್ಕಿ ತಟ್ಟೆಯ ಹೊಸ ಹೆಸರನ್ನೂ ಕಾಗದಕ್ಕೆ ಇಳಿಸಲು ಹೋದರೆ ಗೆಜೆಟ್‌ವರೆಗೆ ಹೋಗಬೇಕಾಗುತ್ತದೆ. ಅದಂತೂ ಬೇಡವೇ ಬೇಡ.

ನನ್ನ ಅಭಿಪ್ರಾಯ ಕೇಳಿದರೆ, ಆಫೀಸಿನಲ್ಲಿ ಏನನ್ನೂ ಮುಟ್ಟಬೇಡಿ. ಆ ನಾಲ್ಕು ವರ್ಷದ ಕೆಲಸ ಆ ಹೆಸರಲ್ಲಿ ಆಗಿದೆ. ನಾಳೆ ಹಳೆಯ ಗಿರಾಕಿ ನಿಮ್ಮನ್ನು ಹುಡುಕಿದರೆ ಆ ಹೆಸರಲ್ಲೇ ಹುಡುಕುತ್ತಾನೆ.

ಅತ್ತೆಯವರ ಜೊತೆ ಜಗಳ ಬೇಡ. ಹುಡುಗನನ್ನು ಮಧ್ಯೆ ಕಳಿಸಲೂ ಬೇಡಿ, ನೀವೇ ಹೋಗಿ ಪಕ್ಕದಲ್ಲಿ ಕೂತು ಹೇಳಿ. “ಅತ್ತೀ, ಮನ್ಯಾಗ ನೀವು ಯಾವ ಹೆಸರಿಲೆ ಕರೀತೀರಿ ಅದಕ್ಕ ಓ ಅಂತೀನಿ. ಆಫೀಸಿನ್ಯಾಗ ಅಪ್ಪ ಇಟ್ಟಿದ್ದೇ ಇರಲಿ.” ಅಕ್ಕಿ ತಟ್ಟೆಯಲ್ಲಿ ಬರೆಯಲಿ ಬಿಡಿ, ಅದೊಂದು ಚೆಂದ. ಫೋಟೋದಲ್ಲೂ ಚೆನ್ನಾಗಿ ಬರುತ್ತದೆ. ನಮ್ಮ ಊರನ್ನೇ ನೋಡಿ. 2014ರ ನವೆಂಬರ್ 1ಕ್ಕೆ ಗುಲಬರ್ಗಾ ಹೋಗಿ ಕಲಬುರಗಿ ಆಯಿತು. ವಿಶ್ವವಿದ್ಯಾಲಯ ಇವತ್ತಿಗೂ ಗುಲಬರ್ಗಾ ವಿಶ್ವವಿದ್ಯಾಲಯವೇ. 1980ರಿಂದ ಅಲ್ಲಿ ಓದಿದವರ ಡಿಗ್ರಿ ಆ ಹೆಸರಲ್ಲಿದೆ. ಜಗತ್ ಸರ್ಕಲ್‌ನಲ್ಲಿ ನಿಂತು ಕೇಳಿದರೆ ಆಟೋದವನು ಎರಡೂ ಹೆಸರಿಗೆ ಬರುತ್ತಾನೆ.

ಇನ್ನೊಂದು ಮಾತು ಹೇಳದೆ ಹೋದರೆ ತಪ್ಪಾಗುತ್ತದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬಳು ತವರಿನ ಅಡ್ಡಹೆಸರನ್ನು ಖುಷಿಯಿಂದಲೇ ಬಿಟ್ಟಳು. ಅಡ್ಡಹೆಸರು ಕೇಳಿದ ಕೂಡಲೇ ಜಾತಿ ಅಳೆಯುವ ಊರು ನಮ್ಮದು. ಅಡ್ಡಹೆಸರು ಹೇಳಿದ ಮೇಲೆ ಎದುರಿನವರ ಮುಖ ಬದಲಾಗುವುದನ್ನು ಸಣ್ಣವಳಿದ್ದಾಗಿನಿಂದ ನೋಡಿ ಅವಳಿಗೆ ಸಾಕಾಗಿತ್ತು. ಗಂಡನ ಅಡ್ಡಹೆಸರನ್ನೂ ಹಚ್ಚಿಕೊಳ್ಳಲಿಲ್ಲ, ತನ್ನ ಹೆಸರಿನ ಮುಂದೆ ತಾಯಿಯ ಹೆಸರಿಟ್ಟುಕೊಂಡಳು. ಅವಳ ಫೈಲು ನಾನೇ ಮಾಡಿದ್ದು. ಮೇಲಿನವರು ಎರಡು ಸಲ ವಾಪಸ್ ಕಳಿಸಿದರು, ಮೂರನೇ ಸಲಕ್ಕೆ ಮಂಜೂರಾಯಿತು. ತವರಿನ ಹೆಸರು ಅಂದರೆ ಎಲ್ಲರಿಗೂ ಬೆಲ್ಲ ಅಲ್ಲ ಅಂತ ನನಗೆ ಆವತ್ತು ಗೊತ್ತಾಯಿತು.

ಪ್ರಶ್ನೆ: ಮೇಡಂ, ನಾನು ಯಾದಗಿರಿ ಜಿಲ್ಲೆಯವಳು, 30 ವರ್ಷ. ಕೆಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದೇನೆ. ಮದುವೆಯಾದ ಮೇಲೆ ಮನೆಯವರು ಆಧಾರ್‌ನಲ್ಲಿ ಗಂಡನ ಅಡ್ಡಹೆಸರು ಹಾಕಿಸಿದರು. ಅಂಕಪಟ್ಟಿ, ಜಾತಿ ಪ್ರಮಾಣಪತ್ರ, 371(ಜೆ) ಪ್ರಮಾಣಪತ್ರ ಎಲ್ಲ ತಂದೆಯ ಹೆಸರಲ್ಲಿವೆ. ಅರ್ಜಿಯಲ್ಲಿ ಯಾವ ಹೆಸರು ಬರೆಯಲಿ? ಎಲ್ಲವನ್ನೂ ಗಂಡನ ಹೆಸರಿಗೆ ಮಾಡಿಸಬೇಕಾ?
— ಹೆಸರು ಬೇಡ, ಯಾದಗಿರಿ

ಉತ್ತರ: ಮಾಡಿಸಬೇಡಿ. ಓದುವ ಟೈಮು ಅದರಲ್ಲೇ ಹೋಗುತ್ತದೆ.

ಅರ್ಜಿಯಲ್ಲಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇದ್ದ ಹಾಗೇ ಬರೆಯಿರಿ. ಒಂದಕ್ಷರ ಆಚೀಚೆ ಆಗುವುದು ಬೇಡ. ಜಾತಿ ಪ್ರಮಾಣಪತ್ರ ತಂದೆಯ ಹೆಸರಲ್ಲಿ ಇರುವುದೇ ಸರಿ. ಜಾತಿ ಹುಟ್ಟಿನಿಂದ ಬರುವುದು, ಮದುವೆಯಿಂದ ಬದಲಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲೂ ಹೇಳಿದೆ. ಮದುವೆಯಾದ ಮೇಲೆ ಗಂಡನ ಹೆಸರು ಹಾಕಿಸಿಕೊಂಡು ಹೊಸ ಜಾತಿ ಪ್ರಮಾಣಪತ್ರ ಮಾಡಿಸಿದ ಹೆಣ್ಣುಮಕ್ಕಳು ದಾಖಲೆ ಪರಿಶೀಲನೆಯ ದಿನ ಬಾಗಿಲ ಹೊರಗೆ ಅಳುತ್ತಾ ನಿಂತದ್ದನ್ನು ನೋಡಿದ್ದೇನೆ. 371(ಜೆ) ಪ್ರಮಾಣಪತ್ರವನ್ನೂ ಹಾಗೇ ಬಿಡಿ. 2012ರ ಸಂವಿಧಾನ ತಿದ್ದುಪಡಿಯಿಂದ ನಮ್ಮ ಭಾಗಕ್ಕೆ ಸಿಕ್ಕ ಮೀಸಲಾತಿ ಅದು, ಒಂದು ಅಡ್ಡಹೆಸರಿನ ಗೊಂದಲಕ್ಕೆ ಕೈತಪ್ಪಬಾರದು.

ತೊಡಕು ಇರುವುದು ಆಧಾರ್ ಒಂದರಲ್ಲೇ. ತಿದ್ದುವ ಅವಕಾಶ ಇನ್ನೊಂದು ಬಾಕಿ ಇದ್ದರೆ ಅಂಕಪಟ್ಟಿಯಲ್ಲಿ ಇರುವ ಹಾಗೆ ವಾಪಸ್ ಮಾಡಿಸಿ. ಇಲ್ಲದಿದ್ದರೆ ಮದುವೆ ನೋಂದಣಿ ಪತ್ರ, ಜೊತೆಗೆ ‘ಈ ಎರಡೂ ಹೆಸರಿನವಳು ನಾನೇ’ ಅನ್ನುವ ಒಂದು ಅಫಿಡವಿಟ್ ಇಟ್ಟುಕೊಳ್ಳಿ. ನಿಮ್ಮ ಜನನ ಪತ್ರ ತೆಗೆದು ನೋಡಿ, ಜಿಲ್ಲೆ ಗುಲಬರ್ಗಾ ಅಂತ ಇರಬೇಕು. ಯಾದಗಿರಿ ಜಿಲ್ಲೆಯಾಗಿದ್ದು 2009ರ ಡಿಸೆಂಬರ್ ಕೊನೆಗೆ. ಜಿಲ್ಲೆಗೆ ಎರಡು ಹೆಸರಿದ್ದರೆ ಯಾವ ಗುಮಾಸ್ತನೂ ಅಫಿಡವಿಟ್ ಕೇಳುವುದಿಲ್ಲ ನೋಡಿ!

ಕೆಲಸ ಸಿಕ್ಕಿತು ಅಂತಿಟ್ಟುಕೊಳ್ಳಿ. ಸೇರಿದ ಮೊದಲ ದಿನ ಸೇವಾ ಪುಸ್ತಕದ ಮೊದಲ ಪುಟ ತುಂಬುವಾಗ ಪಕ್ಕದಲ್ಲೇ ನಿಂತಿರಿ. ಚಹಾ ಕುಡಿಯಲು ಹೋಗಬೇಡಿ.

ಪ್ರಶ್ನೆ: ಅಕ್ಕಾ, ನಾನು ಬೀದರ್ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ಶಿಕ್ಷಕಿ. 18 ವರ್ಷದ ಸರ್ವೀಸು. ಹೋದ ವರ್ಷ ವಿಚ್ಛೇದನವಾಯಿತು. ಇಲ್ಲಿ ಎಲ್ಲರನ್ನೂ ಅಡ್ಡಹೆಸರಿನಿಂದಲೇ ಕರೆಯುತ್ತಾರೆ. ಬಿಟ್ಟು ಬಂದ ಮನೆಯ ಅಡ್ಡಹೆಸರಿಗೆ ‘ಮೇಡಂ’ ಸೇರಿಸಿ ಮಕ್ಕಳು ದಿನಕ್ಕೆ ಐವತ್ತು ಸಲ ಕೂಗುತ್ತಾರೆ. ತವರಿನ ಹೆಸರಿಗೆ ಮರಳಬಹುದಾ? ಜನ ಆಡಿಕೊಳ್ಳುತ್ತಾರೆ ಅಂತ ಅಮ್ಮ ಹೆದರುತ್ತಾರೆ.
— ಹೆಸರು ಬೇಡ, ಬೀದರ್

ಉತ್ತರ: ಆ ಐವತ್ತು ಸಲದ ಲೆಕ್ಕ ಓದಿ ಪತ್ರ ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟೆ.

ಕರೆಯುವ ಹೆಸರು ಬೇರೆ, ಕಾಗದದ ಹೆಸರು ಬೇರೆ. ಕರೆಯುವುದಕ್ಕೆ ಯಾವ ಗೆಜೆಟ್ಟೂ ಬೇಡ. ಸೋಮವಾರ ಸ್ಟಾಫ್ ರೂಮಿನಲ್ಲಿ “ಇನ್ಮ್ಯಾಲ ನನ್ನ ಹೆಸರು ಹಿಡಿದೇ ಕರೀರಿ” ಅಂತ ಹೇಳಿಬಿಡಿ. ಕಾರಣ ಹೇಳಬೇಕಾಗಿಲ್ಲ. ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿ. ಮಕ್ಕಳು ಒಂದು ವಾರದಲ್ಲಿ ಕಲಿಯುತ್ತಾರೆ. ಸಹೋದ್ಯೋಗಿಗಳಿಗೆ ಆರು ತಿಂಗಳು ಹಿಡಿಯುತ್ತದೆ.

ಕಾಗದದಲ್ಲಿ ಬದಲಿಸುವ ಮೊದಲು ಒಂದು ಕೆಲಸ ಮಾಡಿ, ಅದು ಹೆಸರಿಗಿಂತ ಮುಖ್ಯ. ಕೆಜಿಐಡಿ (ಸರ್ಕಾರಿ ವಿಮೆ), ಎನ್‌ಪಿಎಸ್ (ಪೆನ್ಷನ್ ಖಾತೆ), ಬ್ಯಾಂಕು, ಎಲ್‌ಐಸಿ ಎಲ್ಲ ಕಡೆ ನಾಮಿನಿ ಯಾರಿದ್ದಾರೆ ನೋಡಿ. ಅಲ್ಲಿ ಇನ್ನೂ ಮಾಜಿ ಗಂಡನ ಹೆಸರೇ ಇರಬಹುದು. ಈ ವಾರವೇ ಬದಲಿಸಿ. ನಾನು ಸಿಬ್ಬಂದಿ ಶಾಖೆಯಲ್ಲಿದ್ದಾಗ, ತೀರಿಕೊಂಡ ಒಬ್ಬ ಹೆಣ್ಣುಮಗಳ ಹಣಕ್ಕೆ ಹತ್ತು ವರ್ಷದ ಹಿಂದೆ ಬಿಟ್ಟುಹೋದ ಗಂಡ ಬಂದು ಕೂತಿದ್ದ. ಅವಳ ತಾಯಿ ಹೊರಗಿನ ಬೆಂಚಿನ ಮೇಲೆ. ಆ ದೃಶ್ಯ ಮರೆಯಲಾಗಿಲ್ಲ.

ಆಮೇಲೆ ಹೆಸರು. ಕೋರ್ಟಿನ ಡಿಕ್ರಿ ಪ್ರತಿ, ಅಫಿಡವಿಟ್, ಪತ್ರಿಕೆಯಲ್ಲಿ ಪ್ರಕಟಣೆ, ಗೆಜೆಟ್ ಎಲ್ಲ ಹಚ್ಚಿ ಬಿಇಒ ಕಚೇರಿಯ ಮೂಲಕ ಅರ್ಜಿ ಕೊಡಿ. ಸೇವಾ ಪುಸ್ತಕದಲ್ಲೂ ಎಚ್‌ಆರ್‌ಎಂಎಸ್ ಎಂಬ ಕಂಪ್ಯೂಟರ್ ದಾಖಲೆಯಲ್ಲೂ ಎರಡೂ ಕಡೆ ಬದಲಾಯಿತಾ ಅಂತ ನೀವೇ ಕಣ್ಣಾರೆ ನೋಡಿ. ಕೆಜಿಐಡಿ ನಂಬರ್, ಎನ್‌ಪಿಎಸ್ ಖಾತೆಯ ಪ್ರಾನ್ ನಂಬರ್ ಬದಲಾಗುವುದಿಲ್ಲ. ಸರ್ಕಾರ ನಿಮ್ಮನ್ನು ಗುರುತಿಸುವುದು ಆ ನಂಬರಿನಿಂದ. ಮದುವೆಗೂ ವಿಚ್ಛೇದನಕ್ಕೂ ಅಲ್ಲಾಡದ ನಿಮ್ಮ ಹೆಸರು ಅದೊಂದೇ ಅನ್ನಬಹುದು!

ಡಿಕ್ರಿ ಕೈಯಲ್ಲಿರುವುದರಿಂದ ನಿಮ್ಮ ದಾರಿ ಸುಲಭ. ಡಿಕ್ರಿ ಇಲ್ಲದವರ ಪಾಡು ಕೇಳಿ. ಹಳೆಯ ಹೆಸರಿಗೆ ಮರಳಬೇಕಾದರೆ ವಿಚ್ಛೇದನದ ಕಾಗದ ತರಬೇಕು, ಇಲ್ಲವೇ ಗಂಡನ ಒಪ್ಪಿಗೆ ಪತ್ರ ತರಬೇಕು ಅಂತ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತ್ತು. ಅದನ್ನು ಪ್ರಶ್ನಿಸಿ 2024ರಲ್ಲಿ ಒಬ್ಬ ಮಹಿಳೆ ದೆಹಲಿ ಹೈಕೋರ್ಟಿಗೆ ಹೋದರು. ಹೆಸರು ಹಚ್ಚಿಕೊಳ್ಳುವಾಗ ಅಪ್ಪನ ಒಪ್ಪಿಗೆ ಪತ್ರ ಯಾರೂ ಕೇಳಿರಲಿಲ್ಲ, ಬಿಡುವಾಗ ಗಂಡನ ಒಪ್ಪಿಗೆ ಬೇಕಂತೆ!

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಶ್ನೆ. ಆ ಅಡ್ಡಹೆಸರು ಬರೀ ಅವರದ್ದಾಗಿ ಉಳಿದಿದೆಯಾ? 18 ವರ್ಷದಲ್ಲಿ ಎಷ್ಟು ಮಕ್ಕಳು ಅದನ್ನು ಕೂಗಿ ದೊಡ್ಡವರಾಗಿದ್ದಾರೆ, ಲೆಕ್ಕ ಹಾಕಿ. ಅವರ ಪಾಲಿಗೆ ಅದು ನಿಮ್ಮ ಹೆಸರು. ನಾನು ಒಪ್ಪದೆ ಹಚ್ಚಿಕೊಂಡ ಮೆಣಸಿನಕಾಯಿ ಅಡ್ಡಹೆಸರಿನಲ್ಲಿ 34 ವರ್ಷ ಟಿಪ್ಪಣಿ ಬರೆದೆ. ಈಗ ಯಾರಾದರೂ ಬೆಲ್ಲದ ಮೇಡಂ ಅಂದರೆ ನಾನೇ ಹಿಂದೆ ತಿರುಗಿ ಯಾರಪ್ಪಾ ಅಂತ ನೋಡುತ್ತೇನೆ. ಹಾಗಾಗಿ ಅವಸರ ಬೇಡ. ಒಂದು ವರ್ಷ ಬರೀ ನಿಮ್ಮ ಹೆಸರಿನಿಂದ ಕರೆಸಿಕೊಂಡು ನೋಡಿ. ಆಮೇಲೂ ಆ ಅಡ್ಡಹೆಸರು ಕಿವಿಗೆ ಬಿದ್ದಾಗ ಹೊಟ್ಟೆ ತೊಳಸಿದರೆ ಅರ್ಜಿ ಕೊಡಿ. ಅಮ್ಮನಿಗೆ ಹೇಳಿ, ಜನ ವಿಚ್ಛೇದನದ ಬಗ್ಗೆ ಆಡಿಕೊಳ್ಳುವುದನ್ನು ಹೋದ ವರ್ಷವೇ ಮುಗಿಸಿದ್ದಾರೆ.

ಪ್ರಶ್ನೆ: ಅಕ್ಕೋರೇ, ನಂದು ದೊಡ್ಡ ಸಮಸ್ಯೆ ಏನಲ್ಲ. ನಾನು ಊರಲ್ಲಿ ಆಶಾ ಕಾರ್ಯಕರ್ತೆ. ಹನ್ನೊಂದು ವರ್ಷ ಆಯಿತು. ಊರಿನ ಸಣ್ಣ ಮಕ್ಕಳಿಂದ ಹಿಡಿದು ಡಾಕ್ಟರವರೆಗೆ ಎಲ್ಲರೂ ನನ್ನನ್ನು ಆಶಾ ಅಂತಲೇ ಕರೆಯುತ್ತಾರೆ. ಫೋನಿನಲ್ಲೂ ಹಾಗೇ ಸೇವ್ ಮಾಡಿಕೊಂಡಿದ್ದಾರೆ. ಮೊನ್ನೆ ಪಿಎಚ್‌ಸಿ ಮೀಟಿಂಗಿನಲ್ಲಿ ನನ್ನ ಹೆಸರು ಕರೆದಾಗ ನಾನೇ ಎದ್ದು ನಿಲ್ಲಲಿಲ್ಲ. ಇದು ಸರಿನಾ?
— ಆಶಾ, ಶಹಾಪುರ ತಾಲ್ಲೂಕು

ಉತ್ತರ: ದೊಡ್ಡ ಸಮಸ್ಯೆ ಅಲ್ಲ ಅಂತ ನೀವೇ ಯಾಕೆ ತೀರ್ಮಾನಿಸಿದಿರಿ?

ಆಶಾ ಅನ್ನುವುದು ನಿಮ್ಮ ಹುದ್ದೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು. 2005ರಲ್ಲಿ ಶುರುವಾದ ಯೋಜನೆ. ಪೊಲೀಸರನ್ನು ಯಾರೂ “ಬಾರೋ ಪೊಲೀಸ್” ಅನ್ನುವುದಿಲ್ಲ, ಡಾಕ್ಟರಿಗೂ ಎದೆಯ ಮೇಲೆ ಹೆಸರಿನ ಪಟ್ಟಿ ಇರುತ್ತದೆ. ನಿಮ್ಮ ಹುದ್ದೆ ಹೆಂಗಸಿನ ಹೆಸರಿನ ಹಾಗೇ ಕೇಳಿಸುವುದರಿಂದ ಊರಿಗೆ ಅಷ್ಟೇ ಸಾಕಾಗಿದೆ.

ಕೆಲಸದ ಹೆಸರು ಹಚ್ಚಿಕೊಳ್ಳುವುದರಲ್ಲಿ ನಾಚಿಕೆ ಏನಿಲ್ಲ. ಬಸವಕಲ್ಯಾಣದ ಶರಣೆಯರಲ್ಲಿ ಎಷ್ಟೋ ಜನರನ್ನು ಇಂಥವರ ಪುಣ್ಯಸ್ತ್ರೀ ಅಂತ ಗಂಡನ ಹೆಸರು ಮುಂದಿಟ್ಟೇ ಗುರುತಿಸಿದ್ದಾರೆ. ಅವರ ನಡುವೆ ನನಗೆ ಇಷ್ಟವಾಗುವವಳು ಕದಿರ ರೆಮ್ಮವ್ವೆ. ನೂಲು ತೆಗೆಯುವವಳು. ಮುಂದೆ ಕದಿರು ಇದೆ, ಹಿಂದೆ ಅವಳ ಹೆಸರೂ ಇದೆ. ಎಂಟುನೂರು ವರ್ಷ ದಾಟಿದರೂ ಎರಡೂ ಒಟ್ಟಿಗೇ ಉಳಿದಿವೆ. ಬರೀ ‘ಕದಿರಿನವಳು’ ಅಂದಿದ್ದರೆ ಅವಳು ಯಾರೆಂದು ನಮಗೆ ಗೊತ್ತಾಗುತ್ತಿರಲಿಲ್ಲ.

ಹಾಗಾಗಿ ಆಶಾ ಇರಲಿ, ಅದರ ಹಿಂದೆ ನಿಮ್ಮದೂ ಬರಲಿ. ಗರ್ಭಿಣಿಯರ ತಾಯಿ ಕಾರ್ಡಿನಲ್ಲಿ ಕಾರ್ಯಕರ್ತೆಯ ಹೆಸರಿನ ಜಾಗಕ್ಕೆ ಪೂರ್ತಿ ಹೆಸರು ಬರೆಯಿರಿ, ದಪ್ಪ ಅಕ್ಷರದಲ್ಲಿ. ಆ ಕಾರ್ಡನ್ನು ಮನೆಯವರು ತುಂಬಾ ದಿನ ಜೋಪಾನ ಮಾಡುತ್ತಾರೆ. ಬಾಣಂತಿಯ ಮನೆಗೆ ಹೋದಾಗ ಫೋನ್ ಇಸಿದುಕೊಂಡು ನೀವೇ ಹೊಸದಾಗಿ ಸೇವ್ ಮಾಡಿಕೊಡಿ.

ನಿಮ್ಮ ಪತ್ರದ ಲಕೋಟೆಯನ್ನೂ ತಿರುಗಿಸಿ ನೋಡಿದೆ. ಅಲ್ಲೂ ‘ಆಶಾ, ಶಹಾಪುರ ತಾಲ್ಲೂಕು’ ಅಂತಲೇ ಇದೆ. ಹೆಸರು ಹಾಕಬೇಡಿ ಅಂತ ನೀವೇನೂ ಬರೆದಿಲ್ಲ. ನಿಮ್ಮ ಹೆಸರೇನವ್ವಾ?